ಮಳೆ ಹಿಡಿಯುವ ಮೊದಲು ಓಎಲ್‌ಟಿಯ ಲೆಕ್ಕ ಓದುವುದು ಹೇಗೆ? ದಕ್ಷಿಣ ಕನ್ನಡ, ಉಡುಪಿಯ ಹಳ್ಳಿ ಬ್ರಾಡ್‌ಬ್ಯಾಂಡ್‌ನವರ ಚರ್ಚೆ

ಬಂಟ್ವಾಳ_ಓಎಲ್‌ಟಿ:

ನಮ್ಮ ಕಡೆ ಹಳ್ಳಿ ಎಂದರೆ ಮನೆಗಳ ಸಾಲಲ್ಲ, ಒಂದೊಂದು ಮನೆ ಒಂದೊಂದು ತೋಟದ ಒಳಗೆ. ಕಂಬದಿಂದ ಮನೆಗೆ 300–400 ಮೀಟರ್ ಡ್ರಾಪ್ ಕೇಬಲ್ ಇಲ್ಲಿ ಮಾಮೂಲಿ. ಒಂದು ಕಂಪ್ಲೇಂಟ್ ನೋಡಿ ಬರುವಾಗ ಲೈನ್‌ನವರ ಅರ್ಧ ದಿನ ಹೋಗ್ತದೆ. ಅಷ್ಟು ದೂರ ಹೋಗಿ ನೋಡಿದರೆ ಕರೆಂಟ್ ಇಲ್ಲ ಅಷ್ಟೇ ಎಂದಾದರೆ, ನಿಜವಾಗಿ ಕೇಬಲ್ ಕಡಿದುಕೊಂಡು ಕೂತಿರುವ ಇನ್ನೊಂದು ಮನೆಯವರಿಗೆ ಆ ಅರ್ಧ ದಿನ ನಷ್ಟ.

ಇದನ್ನು ತಪ್ಪಿಸುವುದಕ್ಕೆ ಬೇಕಾದ ಮಾಹಿತಿ ಓಎಲ್‌ಟಿಯಲ್ಲೇ, ಎಂದರೆ ಎಲ್ಲ ಮನೆಗಳ ಫೈಬರ್ ಬಂದು ಸೇರುವ ನಮ್ಮ ಕಡೆಯ ಯಂತ್ರದಲ್ಲೇ ಉಂಟು. ಯಾವ ಓಎನ್‌ಯುಗೆ (ಗಿರಾಕಿಯ ಮನೆಯ ಫೈಬರ್ ಪೆಟ್ಟಿಗೆ) ಎಷ್ಟು ಬೆಳಕು ಮುಟ್ಟುತ್ತಿದೆ, ಅದು ಎಷ್ಟು ದೂರದಲ್ಲಿದೆ, ಯಾವಾಗ ಆಫ್ ಆಯಿತು, ಯಾಕೆ ಆಯಿತು, ಎಲ್ಲ ಸಿಗ್ತದೆ. ಆದರೆ ಹೆಚ್ಚಿನವರು ಅದನ್ನು ನೋಡುವುದು ಕನೆಕ್ಷನ್ ಕೊಟ್ಟ ದಿನ ಒಮ್ಮೆ, ಕಂಪ್ಲೇಂಟ್ ಬಂದ ದಿನ ಇನ್ನೊಮ್ಮೆ. ನಡುವಿನ ದಿನಗಳ ಲೆಕ್ಕ ಯಾರಲ್ಲೂ ಇಲ್ಲ. ನನ್ನ ಪ್ರಕಾರ ಕೆಲಸಕ್ಕೆ ಬರುವುದು ಆ ನಡುವಿನ ದಿನಗಳದ್ದೇ.

ಏನೇನು ಬರೆದಿಡಬೇಕು, ಎಷ್ಟು ಹೊತ್ತಿಗೊಮ್ಮೆ, ಅದರಿಂದ ಏನು ತಿಳಿಯುತ್ತದೆ ಎಂದು ಗೊತ್ತಿದ್ದವರು ವಿವರವಾಗಿ ಬರೆಯಿರಿ. ಕಂಪನಿಗಳ ಜಾಹೀರಾತು ಬೇಡ.

ಸುರತ್ಕಲ್_ಎನ್‌ಒಸಿ:

ಸಾಫ್ಟ್‌ವೇರ್‌ಗೆ ದುಡ್ಡು ಹಾಕುವುದು ಬೇಡ. ನೆಟ್‌ವರ್ಕ್‌ನ ಅಂಕೆ ಸಂಗ್ರಹಿಸಿಡುವ ಲಿಬ್ರೆಎನ್‌ಎಂಎಸ್ ಅಥವಾ ಜ್ಯಾಬಿಕ್ಸ್, ಎರಡೂ ಉಚಿತ. ಗ್ರಾಫ್ ಚೆಂದಕ್ಕೆ ಬೇಕೆಂದರೆ ಮೇಲೆ ಗ್ರಾಫಾನಾ. 8 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಇರುವ ಹಳೆಯ ಡೆಸ್ಕ್‌ಟಾಪ್ ಸಾವಿರ ಕನೆಕ್ಷನ್‌ಗೆ ಧಾರಾಳ ಸಾಕು.

ತೊಂದರೆ ಬರುವುದು ಓಎಲ್‌ಟಿ ಕಡೆಯಿಂದ. ಕಡಿಮೆ ಬೆಲೆಯ ಎಷ್ಟೋ ಓಎಲ್‌ಟಿಗಳು ಎಸ್‌ಎನ್‌ಎಂಪಿಯಲ್ಲಿ (ಯಂತ್ರದಿಂದ ಅಂಕೆ ಕೇಳಿ ಪಡೆಯುವ ಪದ್ಧತಿ) ಪೋರ್ಟ್ ಟ್ರಾಫಿಕ್ ಕೊಡ್ತವೆ, ಓಎನ್‌ಯುವಿನ ಆರ್‌ಎಕ್ಸ್ ಪವರ್ (ಅದಕ್ಕೆ ಮುಟ್ಟುವ ಬೆಳಕಿನ ಮಟ್ಟ) ಕೊಡುವುದಿಲ್ಲ. ಅಂಥ ಕಡೆ ಪೈಥಾನ್ ಸ್ಕ್ರಿಪ್ಟ್‌ನಿಂದ ಎಸ್‌ಎಸ್‌ಎಚ್ ಅಥವಾ ಟೆಲ್‌ನೆಟ್ ಮೂಲಕ ಲಾಗಿನ್ ಆಗಿ, ಕಮಾಂಡ್ ಕೊಟ್ಟು, ಬಂದ ಸಾಲುಗಳನ್ನು ಬಿಡಿಸಿಕೊಳ್ಳಬೇಕು. ಐದು ನಿಮಿಷಕ್ಕೊಮ್ಮೆ ಎಲ್ಲ ಓಎನ್‌ಯು ಕೇಳಲು ಹೋಗಬೇಡಿ. ಓಎಲ್‌ಟಿಯ ಸಿಪಿಯು ಏರಿ ಮ್ಯಾನೇಜ್‌ಮೆಂಟ್ ಕಡೆ ಸಿಕ್ಕಿಹಾಕಿಕೊಳ್ತದೆ. ಆರ್‌ಎಕ್ಸ್ ಪವರ್ 30 ನಿಮಿಷಕ್ಕೊಮ್ಮೆ ಸಾಕು, ಪೋರ್ಟ್ ಟ್ರಾಫಿಕ್ ಮಾತ್ರ 5 ನಿಮಿಷಕ್ಕೆ. ಓಎನ್‌ಯು ಆಫ್ ಆದ ಸುದ್ದಿಗೆ ಕೇಳುತ್ತಾ ಕೂರುವುದು ಬೇಡವೇ ಬೇಡ. ಸಿಸ್‌ಲಾಗ್ ಅಥವಾ ಟ್ರ್ಯಾಪ್ ಆನ್ ಮಾಡಿದರೆ ಓಎಲ್‌ಟಿಯೇ ಸುದ್ದಿ ಕಳಿಸ್ತದೆ.

ಓಎಲ್‌ಟಿಯ ಗಡಿಯಾರಕ್ಕೆ ಮರೆಯದೆ ಎನ್‌ಟಿಪಿ (ನೆಟ್‌ನಿಂದ ಸಮಯ ಹೊಂದಿಸುವ ಪದ್ಧತಿ) ಹಾಕಿ. ಬಹಳ ಕಡೆ ಓಎಲ್‌ಟಿ ಇನ್ನೂ 1970ರಲ್ಲೇ ಇರ್ತದೆ. ಸಮಯ ತಪ್ಪಿದ ಲಾಗ್ ಮಳೆಯ ಲೆಕ್ಕಕ್ಕೂ ಹೊಂದುವುದಿಲ್ಲ, ಕರೆಂಟಿನ ಲೆಕ್ಕಕ್ಕೂ ಹೊಂದುವುದಿಲ್ಲ.

ಹೆಬ್ರಿ_ಲೈನ್:

ನಾವು −27 ಡಿಬಿಎಂ (ಬೆಳಕಿನ ಅಳತೆ, ಮೈನಸ್ ಹೆಚ್ಚಿದಷ್ಟೂ ಬೆಳಕು ಕಡಿಮೆ) ಎಂದು ಅಲಾರ್ಮ್ ಇಟ್ಟಿದ್ದೇವೆ. ಅದಕ್ಕಿಂತ ಕೆಳಗೆ ಹೋದರೆ ಮೆಸೇಜ್ ಬರ್ತದೆ. ಅಷ್ಟು ಸಾಲದಾ?

ಸುಳ್ಯ_ಸ್ಪ್ಲೈಸ್:

ಸಾಲದು ಅಣ್ಣ. ಬಿ ಪ್ಲಸ್ ಕ್ಲಾಸಿನ (ಎಷ್ಟು ನಷ್ಟ ತಡೆಯುತ್ತದೆ ಎಂಬುದರ ಒಂದು ದರ್ಜೆ) ಓಎನ್‌ಯು −27ರ ತನಕ ಹಿಡಿಯುತ್ತದೆ. ಆ ಅಲಾರ್ಮ್ ಬರುವಷ್ಟರಲ್ಲಿ ಗಿರಾಕಿಯ ನೆಟ್ ಹೋಗಿ ಆಗಿರ್ತದೆ, ನಿಮಗಿಂತ ಮೊದಲು ಅವರೇ ಫೋನ್ ಮಾಡಿರ್ತಾರೆ.

ನೋಡಬೇಕಾದದ್ದು ಆಯಾ ಮನೆಯ ವ್ಯತ್ಯಾಸ. ಫೆಬ್ರವರಿ, ಮಾರ್ಚ್‌ನಲ್ಲಿ ಗಾಳಿ ಮಳೆ ಇಲ್ಲದ ಒಂದು ವಾರ ತೆಗೆದುಕೊಂಡು, ಪ್ರತಿ ಓಎನ್‌ಯುವಿನ ನಡು ಬೆಲೆಯನ್ನು (ರೀಡಿಂಗ್‌ಗಳನ್ನು ಕ್ರಮವಾಗಿ ಇಟ್ಟಾಗ ಮಧ್ಯದ್ದು) ಅದರ ಮೂಲ ಮಟ್ಟ ಎಂದು ಬರೆದಿಡಿ. ಸರಾಸರಿ ಬೇಡ, ಒಂದೇ ಒಂದು ಕೆಟ್ಟ ರೀಡಿಂಗ್ ಅದನ್ನು ಎಳೆದು ಹಾಕ್ತದೆ. ಮೂಲ ಮಟ್ಟಕ್ಕಿಂತ 2 ಡಿಬಿ ಇಳಿದು ಒಂದು ಗಂಟೆಗಿಂತ ಹೆಚ್ಚು ಹೊತ್ತು ಹಾಗೆಯೇ ಇದ್ದರೆ ಅದು ಎಚ್ಚರಿಕೆ. −18ರಲ್ಲಿದ್ದ ಮನೆ −22ಕ್ಕೆ ಬಂದರೆ ನೆಟ್ ಚೆನ್ನಾಗಿಯೇ ಓಡ್ತದೆ, ಗಿರಾಕಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಎಲ್ಲೋ ನೀರು ಇಳಿದಿದೆ, ಇಲ್ಲವೇ ಕೇಬಲ್ ಮಡಚಿದೆ. ಮೊದಲ ದಿನದಿಂದಲೂ −25ರಲ್ಲಿ ಅಲುಗಾಡದೆ ಕೂತ ಮನೆಗಿಂತ ಇದಕ್ಕೇ ಮೊದಲು ಹೋಗಬೇಕು.

ಹೆಬ್ರಿ_ಲೈನ್:

ಇಳಿದದ್ದು ಗೊತ್ತಾಯಿತು ಅಂತಿಟ್ಟುಕೊಳ್ಳಿ. ಎಲ್ಲಿ ಎಂದು ಹೇಗೆ ಗೊತ್ತಾಗುವುದು? 8 ಕಿಲೋಮೀಟರ್ ಲೈನು.

ಸುಳ್ಯ_ಸ್ಪ್ಲೈಸ್:

ಮೂರು ಪ್ರಶ್ನೆ ಕೇಳಿ. ಕಚೇರಿಯಲ್ಲಿ ಕೂತೇ ಉತ್ತರ ಸಿಗ್ತದೆ.

ಇಳಿದದ್ದು ಒಂದೇ ಮನೆಯದ್ದಾ, ಒಂದು ಸ್ಪ್ಲಿಟರ್ (ಒಂದು ಫೈಬರ್‌ನ ಬೆಳಕನ್ನು ಹಲವು ಮನೆಗೆ ಹಂಚುವ ಸಾಧನ) ಕೆಳಗಿನ ಎಲ್ಲರದ್ದಾ? ಎಂಟಕ್ಕೆ ಎಂಟೂ ಒಂದೇ ಅಳತೆಯಲ್ಲಿ, ಹೇಳಿ 3 ಡಿಬಿ, ಇಳಿದರೆ ದೋಷ ಸ್ಪ್ಲಿಟರ್‌ನ ಒಳಬರುವ ಕಡೆ ಅಥವಾ ಅದಕ್ಕಿಂತ ಹಿಂದೆ. ಒಂದೇ ಮನೆ ಎಂದರೆ ಡ್ರಾಪ್ ಕೇಬಲ್, ಅದರ ಎರಡು ತುದಿ, ಅಷ್ಟೇ.

ಎರಡೂ ದಿಕ್ಕಿನಲ್ಲಿ ಸಮ ಇಳಿದಿದೆಯಾ? ಜಿಪಾನ್ ಎಂಬ ಫೈಬರ್ ಪದ್ಧತಿಯಲ್ಲಿ ಮನೆಯ ಕಡೆಗೆ ಕೆಳಗೆ ಬರುವುದು 1490 ನ್ಯಾನೋಮೀಟರ್, ಮೇಲೆ ಹೋಗುವುದು 1310. ಕೇಬಲ್ ಮಡಚಿದಾಗ ಉದ್ದ ತರಂಗವೇ ಹೆಚ್ಚು ಸೋರುತ್ತದೆ. ಹಾಗಾಗಿ ಓಎನ್‌ಯುಗೆ ಮುಟ್ಟುವ ಬೆಳಕು 4 ಡಿಬಿ ಇಳಿದು, ಓಎಲ್‌ಟಿಗೆ ಮುಟ್ಟುವುದು 1 ಡಿಬಿ ಮಾತ್ರ ಇಳಿದಿದ್ದರೆ ಅದು ಮಡಿಕೆ. ಎಲ್ಲೋ ಕಂಬದ ಕ್ಲಾಂಪಿನಲ್ಲಿ ಬಿಗಿದಿದೆ, ಇಲ್ಲವೇ ಕಿಟಕಿ ಸಂದಿನಲ್ಲಿ ಸಿಕ್ಕಿದೆ. ಎರಡೂ ಕಡೆ ಸಮನಾಗಿ ಇಳಿದರೆ ಕನೆಕ್ಟರ್‌ನ ಕೊಳೆ ಅಥವಾ ಕೆಟ್ಟ ಜಾಯಿಂಟ್. ಓಎಲ್‌ಟಿ ತೋರಿಸುವ ಅಂಕೆ ಖಚಿತವಾಗಿರುವುದಿಲ್ಲ, ಒಂದೆರಡು ಡಿಬಿ ಆಚೀಚೆ ಇರ್ತದೆ. ಅದಕ್ಕೇ ಅಂಕೆ ನೋಡಬೇಡಿ, ಅದರ ಬದಲಾವಣೆ ನೋಡಿ.

ಮೂರನೆಯದು, ಯಾವ ಹೊತ್ತಿನಲ್ಲಿ? ಗಾಳಿ ಬೀಸುವ ಮಧ್ಯಾಹ್ನ ಏರಿಳಿದು ರಾತ್ರಿ ಸರಿಯಾಗುವುದಾದರೆ ಕೇಬಲನ್ನು ಅಡಿಕೆ ಮರಕ್ಕೆ ಕಟ್ಟಿದ್ದಾರೆ. ಮರ ತೂಗಿದ ಹಾಗೆ ಕೇಬಲ್ ಮಡಚಿ ಬಿಡಿಸಿ ಆಗ್ತದೆ. ಮಳೆ ಬಂದಾಗ ಇಳಿದು ಬಿಸಿಲಿಗೆ ಏರುವುದಾದರೆ ನೀರು.

ಬಂಟ್ವಾಳ_ಓಎಲ್‌ಟಿ:

ಮಳೆಯ ವಿಷಯ ಸ್ವಲ್ಪ ಬಿಡಿಸಿ ಹೇಳಿ. ‘ಮಳೆಗೆ ಫೈಬರ್ ಸಿಗ್ನಲ್ ಬೀಳ್ತದೆ’ ಎಂದು ಹೇಳುವವರೇ ಎಲ್ಲ.

ಸುಳ್ಯ_ಸ್ಪ್ಲೈಸ್:

ಗಾಜಿನ ಎಳೆಗೆ ಮಳೆ ಬಂದರೂ ಒಂದೇ, ಬಿಸಿಲು ಬಂದರೂ ಒಂದೇ. ಚೆನ್ನಾಗಿ ಮಾಡಿದ ಫ್ಯೂಷನ್ ಜಾಯಿಂಟ್ (ಗಾಜನ್ನೇ ಕರಗಿಸಿ ಬೆಸೆದದ್ದು) 0.1 ಡಿಬಿ ಒಳಗೆ ಇರ್ತದೆ. ಅದರ ಮೇಲೆ ನೀರು ಬಿದ್ದ ಕೂಡಲೇ ಸಿಗ್ನಲ್ ಇಳಿಯುವುದಿಲ್ಲ. ವರ್ಷಗಟ್ಟಲೆ ನೀರಲ್ಲೇ ಇದ್ದರೆ ಗಾಜು ಬಲ ಕಳೆದುಕೊಳ್ತದೆ, ಅದು ಬೇರೆ. ಮಳೆಯ ಜೊತೆಗೇ ಇಳಿಯುವುದು ಹೊರಗಿನ ಬಾಕ್ಸಿನಲ್ಲಿ ಹಾಕಿದ ಫಾಸ್ಟ್ ಕನೆಕ್ಟರ್. ಅದರೊಳಗೆ ಎರಡು ಗಾಜಿನ ತುದಿಗಳು ಬೆಸುಗೆ ಆಗಿರುವುದಿಲ್ಲ, ನಡುವೆ ಒಂದು ತೊಟ್ಟು ಜೆಲ್ ಇಟ್ಟು ಮುಖಾಮುಖಿ ಒತ್ತಿರ್ತಾರೆ. ಬೇಸಿಗೆಯ ಬಿಸಿಗೆ ಜೆಲ್ ಜಾರುತ್ತದೆ, ಜೂನ್‌ನಲ್ಲಿ ಆ ಸಂದಿಗೆ ತೇವ ಹೊಕ್ಕುತ್ತದೆ. ಹಸಿರು ಕನೆಕ್ಟರನ್ನು ಬಿಚ್ಚಿ ಮೈಕ್ರೋಸ್ಕೋಪ್ ಅಡಿ ಹಿಡಿದರೆ ತುದಿಯ ಮೇಲೆ ಮಂಜಿನಂಥ ಪದರ, ಸುತ್ತ ಒಣಗಿದ ನೀರಿನ ಉಂಗುರ ಕಾಣ್ತದೆ. ಒರೆಸಿ ಹಾಕಿದರೆ ಎರಡು ದಿನ ಸರಿ, ಮತ್ತೆ ಮೊದಲಿನ ಹಾಗೆ.

ಪರಿಹಾರ ಒಂದೇ. ಕಂಬದ ಬಾಕ್ಸಿನಲ್ಲಿ ಪಿಗ್‌ಟೇಲ್ (ಕನೆಕ್ಟರ್ ಮೊದಲೇ ಕೂರಿಸಿದ ಗಿಡ್ಡ ಫೈಬರ್) ಹಾಕಿ ಫ್ಯೂಷನ್ ಮಾಡಿ, ಸ್ಲೀವ್ ಬಿಸಿ ಮಾಡಿ ಮುಚ್ಚಿ. ಫಾಸ್ಟ್ ಕನೆಕ್ಟರ್ ಬೇಕಿದ್ದರೆ ಮನೆಯ ಒಳಗಿನ ತುದಿಗೆ ಮಾತ್ರ. ಬಾಕ್ಸಿಗೆ ಕೇಬಲ್ ಕೆಳಗಿನಿಂದಲೇ ಹೋಗಲಿ, ಹೊಗುವ ಮೊದಲು ಒಂದು ಸಣ್ಣ ಬಳುಕು ಇರಲಿ, ನೀರು ಅಲ್ಲೇ ತೊಟ್ಟಿಕ್ಕಿ ಬೀಳ್ತದೆ. ಖಾಲಿ ತೂತುಗಳಿಗೆ ಬಿರಡೆ ಹಾಕಿ, ಇಲ್ಲದಿದ್ದರೆ ಇರುವೆ ಮತ್ತು ಕಣಜ ಗೂಡು ಕಟ್ಟುತ್ತವೆ. ಹಸಿರು ಕನೆಕ್ಟರ್‌ಗೆ ನೀಲಿ ಸೇರಿಸಬೇಡಿ. ಹಸಿರಿನ ತುದಿ 8 ಡಿಗ್ರಿ ಓರೆ, ನೀಲಿಯದ್ದು ನೇರ. ಕೂತಂತೆ ಕಾಣ್ತದೆ, ಆದರೆ ನಡುವೆ ಗಾಳಿ ಉಳಿದು 3 ಡಿಬಿಗೂ ಹೆಚ್ಚು ಹೋಗ್ತದೆ.

ಕಾರ್ಕಳ_ಕೌಂಟರ್:

ಯಂತ್ರದ ಲೆಕ್ಕದ ಬಗ್ಗೆಯೇ ಎಲ್ಲ ಬರೆಯುತ್ತಿದ್ದೀರಿ. ಅಷ್ಟೇ ಬೆಲೆ ಬಾಳುವ ಇನ್ನೊಂದು ಲೆಕ್ಕ ಕಂಪ್ಲೇಂಟ್ ಪುಸ್ತಕದಲ್ಲಿದೆ. ಆದರೆ ಅದನ್ನು ‘ನೆಟ್ ಇಲ್ಲ’, ‘ನೆಟ್ ಸರಿಯಾಯಿತು’ ಎಂದು ಬರೆದರೆ ಏನೂ ಪ್ರಯೋಜನ ಇಲ್ಲ.

ಎರಡು ಕಾಲಂ ಬೇಕು. ಗಿರಾಕಿ ಹೇಳಿದ್ದು ಒಂದು, ಲೈನ್‌ನವರಿಗೆ ಅಲ್ಲಿ ಕಂಡದ್ದು ಇನ್ನೊಂದು. ಎರಡಕ್ಕೂ ನಿಗದಿತ ಪಟ್ಟಿ ಇರಲಿ, ಮನಸ್ಸಿಗೆ ಬಂದದ್ದು ಬರೆಯುವ ಹಾಗಿಲ್ಲ. ಹೇಳಿದ್ದು: ಕೆಂಪು ಲೈಟ್, ಪಾನ್ ಲೈಟ್ ಮಿನುಗುತ್ತಿದೆ, ಲೈಟ್ ಸರಿ ಇದೆ ಆದರೆ ನಿಧಾನ, ಒಂದು ಫೋನಿಗೆ ಮಾತ್ರ ಬರುವುದಿಲ್ಲ. ಕಂಡದ್ದು: ಡ್ರಾಪ್ ಕಡಿದಿದೆ, ಕನೆಕ್ಟರ್, ಅಡಾಪ್ಟರ್ ಸುಟ್ಟಿದೆ, ಓಎನ್‌ಯು ಸುಟ್ಟಿದೆ, ವೈ-ಫೈ ಜಾಗ ಸರಿ ಇಲ್ಲ, ಕರೆಂಟ್ ಇಲ್ಲ. ಇದನ್ನು ಒಂದು ಮಳೆಗಾಲ ಸರಿಯಾಗಿ ಬರೆದರೆ ಮುಂದಿನ ವರ್ಷ ಯಾವ ಸಾಮಾನು ಎಷ್ಟು ತರಿಸಬೇಕು ಎಂಬುದು ಪುಸ್ತಕದಲ್ಲೇ ಇರ್ತದೆ.

ಒಂದು ಉದಾಹರಣೆ ಕೊಡ್ತೇನೆ. ಅಡಿಕೆ ತೋಟಕ್ಕೆ ಮದ್ದು ಬಿಡುವುದು ಮಳೆ ಶುರುವಾಗುವ ಹೊತ್ತಿಗೆ ಒಮ್ಮೆ, 40–45 ದಿನ ಬಿಟ್ಟು ಮತ್ತೊಮ್ಮೆ. ಈಗ ಕಾರ್ಬನ್ ಫೈಬರ್ ದೋಟಿಯಲ್ಲಿ ನೆಲದಲ್ಲೇ ನಿಂತು ಬಿಡ್ತಾರೆ, ಹಿಂದೆ ಮದ್ದಿನ ಪೈಪು ಎಳೆದಾಡ್ತದೆ. ಆ ದಿನಗಳಲ್ಲಿ ತೋಟದ ಮಧ್ಯೆ ಹಾದ ಡ್ರಾಪ್ ಕೇಬಲ್‌ಗಳು ಹರಿಯುತ್ತವೆ. ಇದು ಸಿಡಿಲಲ್ಲ, ಗಾಳಿಯಲ್ಲ. ದಿನಾಂಕ ಮತ್ತು ಜಾಗ ಎರಡೂ ಬರೆದಿದ್ದರೆ ಮಾತ್ರ ಕಾಣುವ ಕಾರಣ. ಹೊಸ ಕನೆಕ್ಷನ್ ಕೊಡುವಾಗ ಕೇಬಲನ್ನು ತೋಟದ ಅಂಚಿನ ಬೇಲಿಯ ಗುಂಟ ತನ್ನಿ. ದೂರ ಹೆಚ್ಚಾದರೂ ಅಡ್ಡಿ ಇಲ್ಲ.

ತೋಟದಮನೆ:

ಅಕ್ಕ ಹೇಳಿದ್ದು ಸರಿ. ಗಿರಾಕಿಗಳ ಕಡೆಯಿಂದ ಒಂದು ಮಾತು: ನೆಲದಡಿ ಹಾಕುವುದಕ್ಕೆ ಹೆಚ್ಚಿನ ಮನೆಯವರು ಒಪ್ತಾರೆ, ಕೇಳುವುದಿಲ್ಲ ಅಷ್ಟೆ. 25 ಎಂಎಂ ಎಚ್‌ಡಿಪಿಇ ಪೈಪ್‌ನಲ್ಲಿ, ದಾರಿಯ ಬದಿಯಲ್ಲಿ, ಒಂದೂವರೆ ಅಡಿ ಆಳ. ಅಗೆಯುವ ಕೆಲಸ ಮನೆಯವರೇ ಮಾಡಿಸಿಕೊಡಬಹುದು. ಪೈಪಿನ ಎರಡೂ ಬಾಯಿ ಗಟ್ಟಿ ಮುಚ್ಚಬೇಕು, ಇಲ್ಲದಿದ್ದರೆ ಹೆಗ್ಗಣ ಒಳಗೆ ಹೋಗಿ ಕೇಬಲ್ ಕಡಿಯುತ್ತದೆ.

ಸುರತ್ಕಲ್_ಎನ್‌ಒಸಿ:

ಕರೆಂಟ್ ಹೋದದ್ದಾ, ಕೇಬಲ್ ಕಡಿದದ್ದಾ ಎಂದು ತಿಳಿಯುವುದಕ್ಕೆ ಡೈಯಿಂಗ್ ಗ್ಯಾಸ್ಪ್ ಎಂಬ ಸಂದೇಶ ಉಂಟು. ಕರೆಂಟ್ ಹೋದಾಗ ಓಎನ್‌ಯು ತನ್ನ ಕೆಪಾಸಿಟರ್‌ನಲ್ಲಿ ಉಳಿದ ಚೂರು ಶಕ್ತಿಯಿಂದ ‘ನನಗೆ ಕರೆಂಟ್ ಇಲ್ಲ’ ಎಂದು ಓಎಲ್‌ಟಿಗೆ ತಿಳಿಸಿ ಆಫ್ ಆಗ್ತದೆ. ಕೇಬಲ್ ಕಡಿದರೆ ಆ ಸಂದೇಶ ಬರುವುದಕ್ಕೆ ದಾರಿಯೇ ಇಲ್ಲ, ಬರೀ ಎಲ್‌ಒಎಸ್ (ಬೆಳಕು ಬರುತ್ತಿಲ್ಲ) ಎಂದು ಬೀಳ್ತದೆ.

ಇದಕ್ಕೆ ಟ್ರಾನ್ಸ್‌ಫಾರ್ಮರ್ ನಂಬರ್ ಸೇರಿಸಿ. ಮೆಸ್ಕಾಂ ಪ್ರತಿ ಟ್ರಾನ್ಸ್‌ಫಾರ್ಮರ್ ಮೇಲೂ ನಂಬರ್ ಬರೆದಿರ್ತದೆ. ಪ್ರತಿ ಗಿರಾಕಿಯ ಎದುರು ಅದನ್ನು ಒಮ್ಮೆ ಬರೆದಿಟ್ಟರೆ ಸಾಕು. ಒಂದೇ ನಿಮಿಷದಲ್ಲಿ 20 ಮನೆ ಡೈಯಿಂಗ್ ಗ್ಯಾಸ್ಪ್ ಕೊಟ್ಟು, ಅಷ್ಟೂ ಒಂದೇ ಟ್ರಾನ್ಸ್‌ಫಾರ್ಮರ್ ಕೆಳಗಿನವು ಎಂದಾದರೆ ಲೈನ್‌ನವರನ್ನು ಕಳಿಸಬೇಡಿ. 1912ಕ್ಕೆ ತಿಳಿಸಿ, ಆ 20 ಜನರಿಗೆ ‘ನಿಮ್ಮ ಕಡೆ ಕರೆಂಟ್ ಇಲ್ಲ, ಫೈಬರ್ ಸರಿ ಇದೆ’ ಎಂದು ಮೆಸೇಜ್ ಹಾಕಿ. ಮೆಸೇಜ್ ಹೋದ ಕೂಡಲೇ ಕೌಂಟರ್‌ಗೆ ಬರುವ ಫೋನ್ ನಿಲ್ತದೆ. ಒಂದೇ ಸ್ಪ್ಲಿಟರ್ ಕೆಳಗಿನವರೆಲ್ಲ ಎಲ್‌ಒಎಸ್, ಡೈಯಿಂಗ್ ಗ್ಯಾಸ್ಪ್ ಒಂದೂ ಇಲ್ಲ ಎಂದರೆ ಮಾತ್ರ ಸ್ಪ್ಲೈಸಿಂಗ್ ಮೆಷಿನ್ ಜೀಪಿಗೆ ಹಾಕಿ.

ಹೆಬ್ರಿ_ಲೈನ್:

ಅಗ್ಗದ ಈಪಾನ್ (ಜಿಪಾನ್‌ನಂಥ ಇನ್ನೊಂದು ಪದ್ಧತಿ) ಓಎನ್‌ಯು ಕೆಲವದರಲ್ಲಿ ಡೈಯಿಂಗ್ ಗ್ಯಾಸ್ಪ್ ಇರುವುದೇ ಇಲ್ಲ. ಮತ್ತೆ ಮಿನಿ ಯುಪಿಎಸ್ ಇರುವ ಮನೆಯಲ್ಲಿ ಕರೆಂಟ್ ಹೋಗಿ ಮೂರು ನಾಲ್ಕು ಗಂಟೆಯ ಮೇಲೆ, ಬ್ಯಾಟರಿ ಮುಗಿದಾಗ ಬರ್ತದೆ. ಗೊಂದಲ ಆಗುವುದಿಲ್ಲವಾ?

ಸುರತ್ಕಲ್_ಎನ್‌ಒಸಿ:

ಆಗ್ತದೆ, ಅದಕ್ಕೇ ಗುಂಪಿನಲ್ಲಿ ನೋಡುವುದು. ಯುಪಿಎಸ್ ಇರುವ ಮನೆಗಳಿಗೆ ಗುರುತು ಹಾಕಿಡಿ. ಅಗ್ಗದ ಓಎನ್‌ಯು ಸಂದೇಶ ಕೊಡದಿದ್ದರೂ ಅದೇ ಸ್ಪ್ಲಿಟರ್‌ನ ಯುಪಿಎಸ್ ಮನೆ ಇನ್ನೂ ಜೀವಂತ ಇದ್ದರೆ ಓಎಲ್‌ಟಿಯಿಂದ ಸ್ಪ್ಲಿಟರ್ ತನಕದ ಫೈಬರ್ ಸರಿ ಇದೆ ಎಂದೇ ಅರ್ಥ. ಪ್ರತಿ ಸ್ಪ್ಲಿಟರ್ ಕೆಳಗೆ ಯುಪಿಎಸ್ ಇರುವ ಮನೆ ಒಂದಾದರೂ ಇರಲಿ. 12 ವೋಲ್ಟ್, 2 ಆಂಪ್ಸ್‌ನದ್ದು ಸಾಕು.

ನಮ್ಮ ಕಡೆಯ ಬ್ಯಾಟರಿಯ ಲೆಕ್ಕವನ್ನೂ ಹೇಳಿಬಿಡ್ತೇನೆ. ಓಎಲ್‌ಟಿ, ಸ್ವಿಚ್, ರೂಟರ್ ಸೇರಿ 120 ವ್ಯಾಟ್ ಎಂದಿಟ್ಟುಕೊಳ್ಳಿ. 12 ವೋಲ್ಟಿನ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ ಒಂದರಲ್ಲಿ 1800 ವ್ಯಾಟ್ ಅವರ್. ಅದರಲ್ಲಿ ಶೇ 70 ಮಾತ್ರ ಬಳಸಿ, ಇನ್ವರ್ಟರ್‌ನಲ್ಲಿ ಶೇ 15 ಹೋದರೆ ಉಳಿಯುವುದು ಸುಮಾರು 1070. ಎಂದರೆ 9 ಗಂಟೆ. ಘಟ್ಟದ ಬುಡದಲ್ಲಿ ಮರ ಬಿದ್ದರೆ ಕರೆಂಟ್ ಅದಕ್ಕಿಂತ ಹೆಚ್ಚು ಹೊತ್ತು ಹೋಗ್ತದೆ. ಬ್ಯಾಟರಿಯ ವೋಲ್ಟೇಜನ್ನೂ ಗ್ರಾಫಿಗೆ ತನ್ನಿ. ಲೋಡಿನಲ್ಲಿ 11.5ಕ್ಕೆ ಇಳಿಯುವ ಮೊದಲೇ ಜನರೇಟರ್ ಹೊರಡಬೇಕು. ತಿಂಗಳಿಂದ ತಿಂಗಳಿಗೆ ಅದೇ ಲೋಡಿಗೆ ಬ್ಯಾಟರಿ ಬೇಗ ಇಳಿಯುತ್ತಿದ್ದರೆ ಅದನ್ನು ಮೇ ತಿಂಗಳಲ್ಲೇ ಬದಲಾಯಿಸಿ.

ತೋಟದಮನೆ:

ಸಿಡಿಲಿಗೆ ಏನು ಮಾಡುವುದು? ಫೈಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ ಅಂತಾರೆ, ಆದರೂ ಏಪ್ರಿಲ್, ಮೇಯಲ್ಲಿ ಓಎನ್‌ಯು ಸುಡುವುದು ನಿಲ್ಲುವುದಿಲ್ಲ.

ಸುಳ್ಯ_ಸ್ಪ್ಲೈಸ್:

ಗಾಜಿನಲ್ಲಿ ಹರಿಯುವುದಿಲ್ಲ, ಪಕ್ಕದ ಉಕ್ಕಿನ ತಂತಿಯಲ್ಲಿ ಹರಿಯುತ್ತದೆ. ಡ್ರಾಪ್ ಕೇಬಲ್ ತರಿಸುವಾಗ ಒಳಗೆ ಉಕ್ಕಿನ ಬದಲು ಎಫ್‌ಆರ್‌ಪಿ (ಕರೆಂಟ್ ಹರಿಯದ ಗಟ್ಟಿ ಪ್ಲಾಸ್ಟಿಕ್) ಕಡ್ಡಿ ಇರುವುದನ್ನೇ ಕೇಳಿ. ಹಳೆಯದರಲ್ಲಿ ಕೇಬಲಿನ ಭಾರ ಹೊರುವ ಹೊರಗಿನ ಮೆಸೆಂಜರ್ ತಂತಿಯನ್ನು ಗೋಡೆಯ ಹೊರಗಿನ ಕೊಕ್ಕೆಯಲ್ಲೇ ಕತ್ತರಿಸಿ ನಿಲ್ಲಿಸಿ, ಒಳಗೆ ತರಬೇಡಿ. ಆದರೆ ಹೆಚ್ಚು ಓಎನ್‌ಯು ಸುಡುವುದು ಅಡಾಪ್ಟರ್ ಕಡೆಯಿಂದ, ಮತ್ತೆ ಹಟ್ಟಿಯ ಸಿಸಿಟಿವಿಗೆ ಎಳೆದ ಲ್ಯಾನ್ ಕೇಬಲ್ ಕಡೆಯಿಂದ. ಮನೆಯಿಂದ ಹಟ್ಟಿಗೆ 60 ಮೀಟರ್ ತಾಮ್ರ ತೆರೆದ ಜಾಗದಲ್ಲಿ ಎಳೆದರೆ ಹತ್ತಿರ ಎಲ್ಲಿ ಸಿಡಿಲು ಬಿದ್ದರೂ ಸರ್ಜ್ ಬರ್ತದೆ. ಅಲ್ಲಿಗೂ ಫೈಬರ್ ಹಾಕಿ, ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್‌ಗೆ ಬದಲಿಸುವ ಪೆಟ್ಟಿಗೆ).

ಓಎಲ್‌ಟಿ ಕೋಣೆಯ ಅರ್ತಿಂಗ್ ಬಗ್ಗೆ: ಮುರಕಲ್ಲಿನ ನೆಲ ಒಣಗಿದಾಗ ಅರ್ತ್ ಹಿಡಿಯುವುದಿಲ್ಲ. ಸಿಡಿಲು ಜೋರಾಗಿರುವುದು ಅದೇ ಒಣ ಏಪ್ರಿಲ್, ಮೇಯಲ್ಲಿ. ಆಗಸ್ಟ್‌ನಲ್ಲಿ ಅಳೆದು 3 ಓಮ್ ಬಂತು ಎಂದು ಸಮಾಧಾನ ಪಡಬೇಡಿ, ಮಾರ್ಚ್ ಕೊನೆಯಲ್ಲಿ ಅಳೆಯಿರಿ. 5 ಓಮ್‌ಗಿಂತ ಹೆಚ್ಚಿದ್ದರೆ ಗುಂಡಿಗೆ ಬೆಂಟೊನೈಟ್ ಹಾಕಿ, ವಾರಕ್ಕೆರಡು ಸಲ ನೀರು ಹೊಯ್ಯಿರಿ. ರಾಜ್ಯ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಕೌಂಟರ್‌ನವರ ಫೋನಿನಲ್ಲಿ ಇರಲಿ. ಎಚ್ಚರಿಕೆ ಬಂದ ಕೂಡಲೇ ಆ ಊರಿನವರಿಗೆ ಪ್ಲಗ್ ತೆಗೆಯಲು ಮೆಸೇಜ್ ಕಳಿಸಬಹುದು.

ಕುಂದಾಪುರ_ಟವರ್:

ಫೈಬರ್ ಹೋಗದ ಮನೆಗಳಿಗೆ 5 ಗಿಗಾಹರ್ಟ್ಸ್ ರೇಡಿಯೋ ಹಾಕುವವರಿಗೆ ಸ್ವಲ್ಪ ಬರೆಯುತ್ತೇನೆ. 2018ರ ಅಕ್ಟೋಬರಿನಿಂದ 5 ಗಿಗಾಹರ್ಟ್ಸ್‌ನ ದೊಡ್ಡ ಭಾಗಕ್ಕೆ ಲೈಸೆನ್ಸ್ ಬೇಡ. 5 ಕಿಲೋಮೀಟರ್ ಲಿಂಕಿಗೆ ಮಧ್ಯದಲ್ಲಿ ಫ್ರೆನೆಲ್ ವಲಯದ (ದೃಷ್ಟಿರೇಖೆಯ ಸುತ್ತ ಸಿಗ್ನಲ್ ಹರಡಿ ಹೋಗುವ ಜಾಗ) ತ್ರಿಜ್ಯ ಸುಮಾರು 8 ಮೀಟರ್. ಅದರ ಶೇ 60, ಎಂದರೆ ನೇರ ದೃಷ್ಟಿರೇಖೆಯ ಕೆಳಗೆ 5 ಮೀಟರ್, ಪೂರ್ತಿ ತೆರವಿರಬೇಕು. ‘ಟವರ್ ಕಾಣ್ತದೆ’ ಎಂದರೆ ಸಾಲದು.

ಈ ಆವರ್ತನದಲ್ಲಿ ಮಳೆ ಹನಿಯಿಂದ ಆಗುವ ನಷ್ಟ ಸಣ್ಣದು. ಕೆಡಿಸುವುದು ಒದ್ದೆ ಎಲೆ. ರಬ್ಬರ್ ತೋಟದ ಮೇಲೆ ಹಾದು ಹೋಗುವ ಲಿಂಕನ್ನು ಜನವರಿಯಲ್ಲಿ ಸರ್ವೆ ಮಾಡಲೇಬೇಡಿ. ಆಗ ಮರ ಎಲೆ ಉದುರಿಸಿ ಬೋಳಾಗಿರ್ತದೆ, ಸಿಗ್ನಲ್ ಚೆಂದ ತೋರಿಸ್ತದೆ. ಹೊಸ ಎಲೆ ಬಂದ ಮೇಲೆ ಒಂದು ಅಂಕೆ, ಆ ಎಲೆ ಜೂನ್‌ನಲ್ಲಿ ನೆನೆದಾಗ ಇನ್ನೊಂದು. 20 ಡಿಬಿ ಮಾರ್ಜಿನ್ (ಬೇಕಾದ್ದಕ್ಕಿಂತ ಹೆಚ್ಚಿನ ಸಿಗ್ನಲ್) ಇಲ್ಲದ ಲಿಂಕಿಗೆ ಗಿರಾಕಿಯಿಂದ ದುಡ್ಡು ತೆಗೆದುಕೊಳ್ಳುವುದು ನ್ಯಾಯವಲ್ಲ. 60 ಗಿಗಾಹರ್ಟ್ಸ್ ಇನ್ನೊಂದು ಕಥೆ, ಅಲ್ಲಿ ಆಮ್ಲಜನಕವೇ ಕಿಲೋಮೀಟರಿಗೆ ಸುಮಾರು 15 ಡಿಬಿ ತಿನ್ನುತ್ತದೆ, ಮೇಲಿಂದ ನಮ್ಮ ಮಳೆ. ಕೆಲವು ನೂರು ಮೀಟರ್ ಬಿಟ್ಟರೆ ಅದನ್ನು ನಂಬಬೇಡಿ.

ಬಂಟ್ವಾಳ_ಓಎಲ್‌ಟಿ:

ಚದುರಿದ ಮನೆಗಳಿಗೆ ಸ್ಪ್ಲಿಟರ್ ಎಲ್ಲಿ ಇಡುವುದು ಎಂಬುದಕ್ಕೂ ಡೇಟಾ ಬೇಕು. ಕನೆಕ್ಷನ್ ಕೇಳಿ ಫೋನ್ ಮಾಡಿದವರ ಜಾಗವನ್ನೂ ವಾಟ್ಸ್‌ಆ್ಯಪ್ ಲೊಕೇಶನ್ ತರಿಸಿ ಬರೆದಿಡಿ, ಕೊಡಲಾಗದಿದ್ದರೂ ಸರಿ. ನಕ್ಷೆಯ ಸಾಫ್ಟ್‌ವೇರ್ ಕ್ಯೂಜಿಐಎಸ್ ಉಚಿತ, ಅದರಲ್ಲಿ ಚುಕ್ಕಿ ಹಾಕಿ ಪ್ರತಿ ಕಂಬದ ಸುತ್ತ 400 ಮೀಟರ್ ವೃತ್ತ ಎಳೆದರೆ ಯಾವ ವೃತ್ತದಲ್ಲಿ ಎಂಟು ಮನೆ ಬರ್ತದೆ ಎಂದು ಕಾಣ್ತದೆ. 1:8 ಸ್ಪ್ಲಿಟರ್ ಅಲ್ಲೇ.

ಬೆಳಕಿನ ನಷ್ಟದ ಲೆಕ್ಕ ಹೀಗೆ: 8 ಕಿಲೋಮೀಟರ್‌ಗೆ 0.35ರಂತೆ 2.8 ಡಿಬಿ, ಅದರ ಹಿಂದಿನ 1:4 ಸ್ಪ್ಲಿಟರ್‌ಗೆ ಸುಮಾರು 7.2, 1:8ಕ್ಕೆ 10.5, ಎಂಟು ಜಾಯಿಂಟ್‌ಗೆ 0.8, ನಾಲ್ಕು ಕನೆಕ್ಟರ್‌ಗೆ 1.6. ಒಟ್ಟು 22.9. ಬಿ ಪ್ಲಸ್‌ಗೆ 28ರ ಮಿತಿ, 5 ಉಳಿಯಿತು. ಅದರಲ್ಲಿ 3 ಡಿಬಿ ಮುಂದಿನ ವರ್ಷಗಳ ಕಡಿತ, ಜಾಯಿಂಟ್‌ಗಳಿಗೆ ಎಂದು ಮುಟ್ಟದೆ ಇಡಿ.

ರಸ್ತೆಯ ಉದ್ದಕ್ಕೆ ಕಿಲೋಮೀಟರಿಗೆ ನಾಲ್ಕೈದು ಮನೆ ಮಾತ್ರ ಎಂಬ ಕಡೆ 10:90, 20:80 ಕಪ್ಲರ್ (ಬೆಳಕನ್ನು ಅಸಮವಾಗಿ ಎರಡು ಪಾಲು ಮಾಡುವುದು) ಒಳ್ಳೆಯದು. 10:90ರಲ್ಲಿ ಮುಂದಕ್ಕೆ ಹೋಗುವ ದಾರಿಗೆ 1 ಡಿಬಿಯೂ ನಷ್ಟ ಇಲ್ಲ, ಮನೆ ಕಡೆಗೆ 10ಕ್ಕಿಂತ ಸ್ವಲ್ಪ ಹೆಚ್ಚು. ಓಎಲ್‌ಟಿಗೆ ಹತ್ತಿರ 10:90, ದೂರ ಹೋದಂತೆ 20:80, 30:70, ಕೊನೆಗೆ 50:50. ಯಾವ ಕಂಬದಲ್ಲಿ ಯಾವುದು, ಯಾವ ಕಾಲು ಯಾವ ಕಡೆಗೆ ಎಂದು ಬರೆದಿಡದಿದ್ದರೆ ಆಮೇಲೆ ಬಂದವರು ಕಾಲು ಅದಲು ಬದಲು ಮಾಡಿ ಇಡೀ ಕೊನೆಯ ಭಾಗ ಕತ್ತಲಾಗ್ತದೆ.

ಸುಳ್ಯ_ಸ್ಪ್ಲೈಸ್:

ಇದಕ್ಕೆ ಸೇರಿಸಬೇಕಾದ್ದು, ಕಂಬದಲ್ಲಿ ಸುತ್ತಿಟ್ಟ ಲೂಪ್ ಎಷ್ಟು ಮೀಟರ್ ಎಂದು. ಹೆದ್ದಾರಿ 75ರ ಅಗಲೀಕರಣದ ಜಾಗ ಇರಲಿ, ನಲ್ಲಿ ನೀರಿನ ಪೈಪಿನ ಗುಂಡಿ ಇರಲಿ, ಜೆಸಿಬಿ ಕಡಿದಾಗ ಓಟಿಡಿಆರ್ (ಬೆಳಕು ಬಿಟ್ಟು ಕಡಿದ ಜಾಗದ ದೂರ ಅಳೆಯುವ ಯಂತ್ರ) ಹೇಳುವುದು ಗಾಜಿನ ಉದ್ದ. ಅದು 3,240 ಮೀಟರ್ ಎಂದರೆ ರಸ್ತೆಯಲ್ಲಿ ಅಷ್ಟೇ ದೂರ ಅಲ್ಲ. ನಡುವೆ 15 ಮೀಟರಿನ ಎಂಟು ಲೂಪ್ ಇದ್ದರೆ ಅಲ್ಲೇ 120 ಮೀಟರ್ ಹೋಯಿತು. ಲೂಪ್ ಲೆಕ್ಕ ಇದ್ದವರು ನೇರ ಗುಂಡಿಯ ಹತ್ತಿರ ಜೀಪ್ ನಿಲ್ಲಿಸ್ತಾರೆ. ಓಎಲ್‌ಟಿ ಕಡೆಯಿಂದ ಸ್ಪ್ಲಿಟರ್ ದಾಟಿ ನೋಡಲು ಹೋಗಬೇಡಿ, ಎಲ್ಲ ಕವಲುಗಳ ಪ್ರತಿಫಲನ ಒಂದರ ಮೇಲೊಂದು ಬೀಳ್ತದೆ. ಗಿರಾಕಿ ಕಡೆಯಿಂದ, 1625 ಅಥವಾ 1650 ನ್ಯಾನೋಮೀಟರ್‌ನಲ್ಲಿ ಅಳೆದರೆ ಉಳಿದವರ ನೆಟ್ ನಿಲ್ಲಿಸದೆ ಆಗ್ತದೆ. ನೆಲದಡಿ ಕೇಬಲ್ ಇರುವವರು 2023ರಲ್ಲಿ ಬಂದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್‌ನಲ್ಲಿ ತಮ್ಮ ದಾರಿ ದಾಖಲಿಸಿ.

ಕಾರ್ಕಳ_ಕೌಂಟರ್:

‘ಲೈಟ್ ಸರಿ, ಆದರೆ ನಿಧಾನ’ ಎಂಬ ಕಂಪ್ಲೇಂಟ್‌ಗೆ ಬನ್ನಿ. ಇದರಲ್ಲಿ ದೊಡ್ಡ ಪಾಲು ವೈ-ಫೈ. ಮುರಕಲ್ಲಿನ ದಪ್ಪ ಗೋಡೆ, ಓಎನ್‌ಯು ಚಾವಡಿಯ ಟಿವಿ ಹಿಂದೆ, ಮಕ್ಕಳು ಓದುವುದು ಹಿಂದಿನ ಕೋಣೆಯಲ್ಲಿ. 5 ಗಿಗಾಹರ್ಟ್ಸ್ ಎರಡು ಗೋಡೆ ದಾಟುವುದಿಲ್ಲ. ಟಿಆರ್-069 (ದೂರದಿಂದ ನೋಡಿ ಬದಲಿಸುವ ಪದ್ಧತಿ) ಇರುವ ಓಎನ್‌ಯುಗಳಲ್ಲಿ ಜೀನಿಎಸಿಎಸ್ ಎಂಬ ಉಚಿತ ಸಾಫ್ಟ್‌ವೇರ್‌ನಿಂದ ಫೋನಿಗೆ ಸಿಗುವ ಸಿಗ್ನಲ್ ಮಟ್ಟ ಕಚೇರಿಯಿಂದಲೇ ಕಾಣ್ತದೆ. −75 ಡಿಬಿಎಂಗಿಂತ ಕೆಳಗಿದ್ದರೆ ಸ್ಪೀಡ್ ಹೆಚ್ಚಿನ ಪ್ಲಾನ್ ಮಾರಬೇಡಿ, ಓಎನ್‌ಯುವಿನ ಜಾಗ ಬದಲಿಸಿ.

ತೋಟದಮನೆ:

ಅದೇ ಪರದೆಯಲ್ಲಿ ಮನೆಯ ಎಲ್ಲ ಫೋನುಗಳ ಹೆಸರು ಕಾಣ್ತದೆ. ಯಾರು ಮನೆಯಲ್ಲಿದ್ದಾರೆ, ಯಾರು ಇಲ್ಲ ಎಂಬುದೂ. ಊರಿನವರೇ ಕೆಲಸ ಮಾಡುವ ಕಚೇರಿಯಲ್ಲಿ ಇದು ಸಣ್ಣ ವಿಷಯ ಅಲ್ಲ.

ಸುರತ್ಕಲ್_ಎನ್‌ಒಸಿ:

ಖಂಡಿತ ಸಣ್ಣದಲ್ಲ. ಫೋನಿನ ಹೆಸರು, ಎಂಎಸಿ ವಿಳಾಸ ಸಂಗ್ರಹವಾಗದಂತೆ ಜೀನಿಎಸಿಎಸ್‌ನಲ್ಲೇ ತಡೆಯಬಹುದು, ಸಿಗ್ನಲ್ ಅಂಕೆ ಮಾತ್ರ ಇಡಿ. ಗಿರಾಕಿ ಫೋನ್ ಮಾಡಿ ಒಪ್ಪಿದಾಗ ಮಾತ್ರ ತೆರೆಯುವ ಪದ್ಧತಿ ಇರಲಿ, ಯಾರು ತೆರೆದರು ಎಂಬ ದಾಖಲೆಯೂ ಇರಲಿ. ಡಿಎನ್‌ಎಸ್ ಲಾಗ್ ಇಟ್ಟು ಯಾರು ಏನು ನೋಡ್ತಾರೆ ಎಂದು ತಿಳಿಯುವ ಅಗತ್ಯ ನೆಟ್‌ವರ್ಕ್ ನಡೆಸುವುದಕ್ಕೆ ಇಲ್ಲ. ವೈಯಕ್ತಿಕ ಡೇಟಾ ರಕ್ಷಣೆಗೆ 2023ರ ಕಾಯ್ದೆಯೂ ಉಂಟು. ಲೈಸೆನ್ಸ್ ಷರತ್ತಿನ ಪ್ರಕಾರ ಎರಡು ವರ್ಷ ಇಡಬೇಕಾದ ಐಪಿ ದಾಖಲೆಯನ್ನು ಪ್ರತ್ಯೇಕ ಡಿಸ್ಕಿನಲ್ಲಿ, ಬೇರೆ ಪಾಸ್‌ವರ್ಡ್‌ನಲ್ಲಿ ಇಡಿ. ಸಿಜಿನ್ಯಾಟ್‌ನಲ್ಲಿ (ಒಂದೇ ಐಪಿ ವಿಳಾಸವನ್ನು ಹಲವು ಗಿರಾಕಿಗಳಿಗೆ ಹಂಚುವುದು) ಪ್ರತಿ ಗಿರಾಕಿಗೆ ನಿಗದಿತ ಪೋರ್ಟ್ ಗುಚ್ಛ ಕೊಟ್ಟರೆ, ಒಂದು ಐಪಿಗೆ 32 ಜನರಂತೆ ತಲಾ 2,000 ಪೋರ್ಟ್, ಆ ಲಾಗ್ ಸಣ್ಣದಾಗ್ತದೆ. ಐಪಿವಿ6 ಕೊಟ್ಟರೆ ಇನ್ನೂ ಸಣ್ಣದು.

ಬ್ಯಾಂಡ್‌ವಿಡ್ತ್ ಬಿಲ್ಲಿನ ಲೆಕ್ಕವನ್ನೂ ಹೇಳಬೇಕು. 95ನೇ ಪರ್ಸೆಂಟೈಲ್ ಎಂದರೆ 5 ನಿಮಿಷದ ಮಾದರಿಗಳಲ್ಲಿ ಮೇಲಿನ ಶೇ 5 ಬಿಟ್ಟು ಬಿಲ್, ತಿಂಗಳಿಗೆ 36 ಗಂಟೆ ಮಾಫಿ. ಒಂದು ಕ್ರಿಕೆಟ್ ಫೈನಲ್ ಅದರಲ್ಲಿ ಮಾಫಿಯಾಗ್ತದೆ, ದಿನವೂ 8ರಿಂದ 11ರ ಏರಿಕೆ ಆಗುವುದಿಲ್ಲ, ಅದು ತಿಂಗಳಿಗೆ 90 ಗಂಟೆ. ರಾತ್ರಿಯ ಆ ಮೂರು ಗಂಟೆಯಲ್ಲಿ ಲಿಂಕ್ ಶೇ 70 ಮುಟ್ಟತೊಡಗಿದ ವಾರವೇ ಹೆಚ್ಚುವರಿಗೆ ಅರ್ಜಿ ಹಾಕಿ, ಬರುವುದಕ್ಕೆ ವಾರಗಟ್ಟಲೆ ಹಿಡಿಯುತ್ತದೆ.

ಕಾರ್ಕಳ_ಕೌಂಟರ್:

ಇನ್ನೊಂದು ಕಾಲಂ ಕಡ್ಡಾಯ ಬೇಕು: ಈ ಕನೆಕ್ಷನ್ ಯಾರ ಕೆಲಸ ನಡೆಸುತ್ತದೆ? ಪ್ರಾಥಮಿಕ ಆರೋಗ್ಯ ಕೇಂದ್ರ, ಬೆರಳಚ್ಚು ಕೊಟ್ಟು ಅಕ್ಕಿ ಪಡೆಯುವ ನ್ಯಾಯಬೆಲೆ ಅಂಗಡಿ, ಹಾಲಿನ ಸೊಸೈಟಿ, ಸಹಕಾರಿ ಸಂಘ, ಪಂಚಾಯತ್, ಶಾಲೆ. ಒಂದೇ ದಿನ ಹತ್ತು ಕಡೆ ಕಡಿದಾಗ ಮೊದಲು ಜೋಡಿಸುವುದು ಇವು ಇರುವ ಎಳೆಗಳನ್ನು. ದೊಡ್ಡ ಪ್ಲಾನ್‌ನ ಮನೆ ಜೋರು ಮಾಡಿದರೆ ಅದಕ್ಕೆ ಮೊದಲು ಎಂದು ಆಗಬಾರದು. ನ್ಯಾಯಬೆಲೆ ಅಂಗಡಿ ಒಂದು ದಿನ ನಿಂತರೆ ಕೂಲಿ ಬಿಟ್ಟು ಬಂದವರು ಬರಿಗೈಲಿ ಹೋಗ್ತಾರೆ.

ಹೆಬ್ರಿ_ಲೈನ್:

ಸರಿ, ಶುರು ಮಾಡ್ತೇವೆ. ಮೂಲ ಮಟ್ಟಕ್ಕೆ ಈಗ ತಡವಾಯಿತಲ್ಲ, ಮಾರ್ಚ್ ಕಳೆಯಿತು?

ಸುಳ್ಯ_ಸ್ಪ್ಲೈಸ್:

ಈ ವಾರದ ಅಂಕೆಯನ್ನೇ ಇಟ್ಟುಕೊಳ್ಳಿ, ಮುಂಗಾರು ಹಿಡಿಯುವ ತನಕ ಅದು ನಡೆಯುತ್ತದೆ. ಕನೆಕ್ಷನ್ ದಿನದ ಅಂಕೆ ಪುಸ್ತಕದಲ್ಲಿ ಇದ್ದವರು ಪಕ್ಕದಲ್ಲಿ ಅದನ್ನೂ ಹಾಕಿ. ಈಗಾಗಲೇ 3 ಡಿಬಿ ಇಳಿದ ಮನೆಗಳ ಪಟ್ಟಿ ಅಲ್ಲೇ ಸಿಗ್ತದೆ. ಮಳೆ ಬರುವ ಮೊದಲು ಆ ಬಾಕ್ಸುಗಳನ್ನು ಬಿಚ್ಚಿ ನೋಡಿ.

ಸುರತ್ಕಲ್_ಎನ್‌ಒಸಿ:

ಎಕ್ಸೆಲ್‌ನಲ್ಲಿ ಶುರು ಮಾಡುವುದಾದರೆ ಸೀರಿಯಲ್ ನಂಬರ್ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಎಂದು ಬದಲಾಯಿಸಿ. ಕೆಲವು ಓಎಲ್‌ಟಿ ಅದನ್ನು 16 ಅಕ್ಷರದ ಹೆಕ್ಸ್ (ಅಂಕೆಗಳ ಜೊತೆ ಎಯಿಂದ ಎಫ್ ತನಕದ ಇಂಗ್ಲಿಷ್ ಅಕ್ಷರ) ಆಗಿ ಕೊಡ್ತವೆ. ಎಲ್ಲವೂ ಅಂಕೆಗಳೇ ಆಗಿದ್ದರೆ ಎಕ್ಸೆಲ್ 15 ಮಾತ್ರ ಇಟ್ಟು ಕೊನೆಯದನ್ನು ಸೊನ್ನೆ ಮಾಡ್ತದೆ, ನಡುವೆ ಒಂದು ಇ ಬಂದರೆ ಇಡೀ ನಂಬರನ್ನೇ ಘಾತದ ರೂಪಕ್ಕೆ ತಿರುಗಿಸ್ತದೆ. ಆಮೇಲೆ ಯಾವ ಮನೆಯ ಓಎನ್‌ಯು ಎಂದು ಹೊಂದಿಸಲು ಆಗುವುದಿಲ್ಲ.